ಸರ್ವರ್ ಇಲ್ಲ ಎನ್ನುವ ಮುನ್ನ

ಬೆಳ್ತಂಗಡಿಯ ಘಟ್ಟದ ಬುಡದ ರೇಷನ್ ಅಂಗಡಿಯಲ್ಲಿ, ಬಂಟ್ವಾಳದ ಬಿ.ಸಿ.ರೋಡಿನ ಕೌಂಟರುಗಳಲ್ಲಿ, ಮೂಡುಬಿದಿರೆ ಪೇಟೆಯಲ್ಲಿ ಅರ್ಜಿ ತುಂಬಿಕೊಡುವ ಅಂಗಡಿಗಳಲ್ಲಿ ಎಲ್ಲರೂ ಕೇಳಿರುವ ಮಾತೊಂದಿದೆ: “ಸರ್ವರ್ ಇಲ್ಲ, ನಾಳೆ ಬನ್ನಿ.” ಹೇಳುವವರು ಸುಳ್ಳು ಹೇಳುವುದಿಲ್ಲ. ಅವರ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿರುತ್ತದೆ, ಇಲ್ಲವೇ ಇಂಗ್ಲಿಷಿನಲ್ಲಿ ಒಂದು ಸಾಲು ಬಂದು ನಿಂತಿರುತ್ತದೆ. ಅದರಿಂದ ಅವರಿಗೆ ತಿಳಿಯುವುದು ಇಷ್ಟೇ, ಹಾಗಾಗಿ ಅವರು ಹೇಳುವುದೂ ಇಷ್ಟೇ.

ಆದರೆ ಆ ಒಂದು ಮಾತಿನ ಹಿಂದೆ ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ಅಂಗಡಿಯ ಲೈನೇ ಸತ್ತಿರಬಹುದು. ಲೈನ್ ಇದ್ದೂ ಸರ್ವರಿನ ವಿಳಾಸ ಹುಡುಕಲು ಆಗದೆ ಹೋಗಿರಬಹುದು. ವಿಳಾಸ ಸಿಕ್ಕಿ ಅಲ್ಲಿನ ಯಂತ್ರವೂ ಎದ್ದಿದ್ದು, ಅದರೊಳಗಿನ ಪ್ರೋಗ್ರಾಮ್ ಮಾತ್ರ ನಿಂತಿರಬಹುದು. ಎಲ್ಲ ಸರಿಯಿದ್ದು ಕೇಳಿದ ಪ್ರಶ್ನೆಗೆ ಉತ್ತರ ತಡವಾಗುತ್ತಿರಬಹುದು. ಅಥವಾ ಉತ್ತರ ಬಂದೇ ಇದ್ದು, “ಈ ಕಾರ್ಡಿನ ನಂಬರ್ ಸರಿಯಿಲ್ಲ” ಎಂದು ಅದರಲ್ಲಿ ಸ್ಪಷ್ಟವಾಗಿ ಇರಬಹುದು. ಒಂದೊಂದಕ್ಕೂ ಪರಿಹಾರ ಬೇರೆ. ಮೊದಲನೆಯದಕ್ಕೆ ಅಂಗಡಿಯವರು ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ ಸಾಕು. ತಡವಾಗುತ್ತಿದ್ದರೆ ಹತ್ತು ನಿಮಿಷ ಕಾಯಬೇಕು. ಕಾರ್ಡಿನಲ್ಲೇ ತಪ್ಪಿದ್ದರೆ ನಾಳೆ ಬಂದರೂ ಪ್ರಯೋಜನವಿಲ್ಲ, ತಾಲೂಕು ಕಚೇರಿಗೆ ಹೋಗಬೇಕು. ಗುಡ್ಡ ಇಳಿದು, ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ವ್ಯತ್ಯಾಸವನ್ನು ಹೇಳಬಲ್ಲದ್ದು ಕೌಂಟರಿನ ಮೇಲೆ ಕುಳಿತಿರುವ ಪ್ರೋಗ್ರಾಮ್. ಕಂಪ್ಯೂಟರ್ ಜನರು ಅದನ್ನು ಕ್ಲೈಂಟ್ ಎನ್ನುತ್ತಾರೆ. ದೂರದ ಸರ್ವರಿಗೆ ಪ್ರಶ್ನೆ ಕಳಿಸುವುದು, ಉತ್ತರ ಪಡೆಯುವುದು, ಅದನ್ನು ಎದುರಿಗಿರುವ ಮನುಷ್ಯನಿಗೆ ತೋರಿಸುವುದು ಅದರ ಕೆಲಸ. ಸಾಮಾನ್ಯವಾಗಿ ಇದನ್ನು ಸರ್ವರಿನ ಬಾಲ ಎಂಬಂತೆ ಕಲಿಸುತ್ತಾರೆ. ಕಷ್ಟವೆಲ್ಲ ಸರ್ವರಿನಲ್ಲಿದೆ, ಕ್ಲೈಂಟ್ ಎಂದರೆ ಹತ್ತು ಸಾಲು ಎಂಬ ನಂಬಿಕೆ. ನನ್ನ ವಾದ ಇದಕ್ಕೆ ವಿರುದ್ಧ. ಒಂದು ಸರಳ ಕ್ಲೈಂಟನ್ನು ತನ್ನ ಕೈಯಿಂದ, ಕನ್ನಡದ ಸಂದೇಶ ಹೊರುವಂತೆ, ಲೈನ್ ಹೋದಾಗ ಸತ್ಯ ಹೇಳುವಂತೆ ಬರೆಯಲು ಬಾರದ ವಿದ್ಯಾರ್ಥಿಗೆ ನೆಟ್‌ವರ್ಕ್ ವಿಷಯ ಬಂದಿಲ್ಲ ಎಂದೇ ಲೆಕ್ಕ. ಇದನ್ನು ಚೆನ್ನಾಗಿ ಕಲಿಸಲು ನಮ್ಮ ಈ ಮೂರು ಊರುಗಳಿಗಿಂತ ಒಳ್ಳೆಯ ಜಾಗ ಸಿಗುವುದೂ ಕಷ್ಟ.

ಕಾಲೇಜುಗಳಿಗೆ ಇಲ್ಲಿ ಕೊರತೆಯಿಲ್ಲ. ಬಂಟ್ವಾಳ ತಾಲೂಕಿನ ಬೆಂಜನಪದವಿನಲ್ಲಿ ಕೆನರಾ, ಉಜಿರೆಯಲ್ಲಿ ಎಸ್‌ಡಿಎಂ, ಮೂಡುಬಿದಿರೆಯ ಹತ್ತಿರ ಮಿಜಾರಿನಲ್ಲಿ ಆಳ್ವಾಸ್ ಮತ್ತು ಮೈಟ್, ತೋಡಾರಿನಲ್ಲಿ ಯೆನೆಪೋಯ. ಎಲ್ಲವೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯಲ್ಲಿ ಬರುವಂಥವು. ವಿಟಿಯುವಿನ 2015, 2017, 2018ರ ಸ್ಕೀಮ್‌ಗಳಲ್ಲಿ ಐದನೇ ಸೆಮಿಸ್ಟರಿನ ಕಂಪ್ಯೂಟರ್ ನೆಟ್‌ವರ್ಕ್ ಲ್ಯಾಬ್ ಮಾಡಿದ ಯಾರನ್ನು ಕೇಳಿದರೂ ಆ ಎರಡು ಪ್ರೋಗ್ರಾಮ್ ನೆನಪಿರುತ್ತವೆ. ಕ್ಲೈಂಟ್ ಒಂದು ಫೈಲಿನ ಹೆಸರು ಕಳಿಸುವುದು, ಆ ಫೈಲ್ ಇದ್ದರೆ ಸರ್ವರ್ ಅದರೊಳಗಿನದನ್ನು ಹಿಂದಕ್ಕೆ ಕಳಿಸುವುದು, ಇದು ಟಿಸಿಪಿ ಎಂಬ ಸಾಗಣೆ ನಿಯಮದಲ್ಲಿ. ಸರ್ವರಿನ ಕಡೆ ಟೈಪ್ ಮಾಡಿದ ಸಂದೇಶ ಕ್ಲೈಂಟಿನ ಕಡೆ ಕಾಣುವುದು, ಇದು ಯುಡಿಪಿ ಎಂಬ ಇನ್ನೊಂದು ನಿಯಮದಲ್ಲಿ. ಈ ಪ್ರೋಗ್ರಾಮ್‌ಗಳ ಆಯ್ಕೆಯ ಬಗ್ಗೆ ನನಗೆ ತಕರಾರಿಲ್ಲ. ಇಡೀ ಇಂಟರ್ನೆಟ್ಟಿನ ಬೀಜ ಈ ಎರಡರಲ್ಲಿದೆ.

ತಕರಾರು ಇರುವುದು ಅವು ಓಡುವ ಜಾಗದ ಬಗ್ಗೆ. ಎರಡು ಕಿಟಕಿಗಳನ್ನು ಒಂದೇ ಕಂಪ್ಯೂಟರಿನಲ್ಲಿ ತೆರೆದು, ಒಂದರಲ್ಲಿ ಸರ್ವರ್, ಇನ್ನೊಂದರಲ್ಲಿ ಕ್ಲೈಂಟ್ ಓಡಿಸುತ್ತಾರೆ. ವಿಳಾಸ 127.0.0.1, ಅಂದರೆ ತನಗೆ ತಾನೇ. ಸಂದೇಶ ಯಂತ್ರದಿಂದ ಹೊರಗೆ ಕಾಲಿಡುವುದೇ ಇಲ್ಲ. ಅಲ್ಲಿ ಮಳೆಯಿಲ್ಲ, ತಂತಿಯಿಲ್ಲ, ಟವರಿಲ್ಲ. ಕಳಿಸಿದ್ದು ಕಳಿಸಿದ ಹಾಗೆ ಒಂದೇ ತುಂಡಾಗಿ ಮುಟ್ಟುತ್ತದೆ. ಯುಡಿಪಿಯಲ್ಲಿ ಸಂದೇಶ ಕಳೆದುಹೋಗಬಹುದು ಎಂದು ಥಿಯರಿ ತರಗತಿಯಲ್ಲಿ ಬರೆದುಕೊಂಡ ಹುಡುಗಿ ಲ್ಯಾಬಿನಲ್ಲಿ ಒಂದೂ ಕಳೆದುಹೋಗದ್ದನ್ನು ಕಣ್ಣಾರೆ ನೋಡುತ್ತಾಳೆ. ಕಣ್ಣು ನೋಡಿದ್ದು ಪುಸ್ತಕ ಹೇಳಿದ್ದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ. ಇದು ಒಂದು ಕಾಲೇಜಿನ, ಒಬ್ಬ ಲೆಕ್ಚರರ ದೋಷವೆಂದು ನಾನು ಹೇಳುತ್ತಿಲ್ಲ. ಮೂರು ಗಂಟೆಯ ಪರೀಕ್ಷೆಯಲ್ಲಿ ಔಟ್‌ಪುಟ್ ಬಂದರೆ ಅಂಕ ಎಂಬ ವ್ಯವಸ್ಥೆ ಎಲ್ಲರನ್ನೂ ಇದೇ ದಾರಿಗೆ ತರುತ್ತದೆ.

ಈಗ ಆ ಹತ್ತು ಸಾಲುಗಳೊಳಗೆ ಏನಿದೆ ನೋಡೋಣ. 1983ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯವರು ತಮ್ಮ ಯುನಿಕ್ಸ್‌ನ 4.2 ಆವೃತ್ತಿಯಲ್ಲಿ ಸಾಕೆಟ್ ಎಂಬ ವ್ಯವಸ್ಥೆಯನ್ನು ಕೊಟ್ಟರು. ಆ ವರ್ಷ ಜನವರಿ 1ರಂದೇ ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಟಿಸಿಪಿ/ಐಪಿಗೆ ಬದಲಾಗಿತ್ತು. ಸಾಕೆಟ್ಟಿನ ಹೆಜ್ಜೆಗಳು ಇಷ್ಟೇ: ಸಾಕೆಟ್ ತೆರೆ, ವಿಳಾಸ ಮತ್ತು ಪೋರ್ಟ್ (ಆ ಯಂತ್ರದಲ್ಲಿ ಯಾವ ಪ್ರೋಗ್ರಾಮ್ ಎಂದು ಹೇಳುವ ಸಂಖ್ಯೆ) ಕೊಟ್ಟು ಕನೆಕ್ಟ್ ಮಾಡು, ಕಳಿಸು, ಪಡೆ, ಮುಚ್ಚು. ನಾಲ್ಕು ದಶಕ ಕಳೆದರೂ ಈ ಕ್ರಮ ಬದಲಾಗಿಲ್ಲ. ಸಿ, ಜಾವಾ, ಪೈಥಾನ್ ಯಾವುದರಲ್ಲಿ ಬರೆದರೂ ಹೆಜ್ಜೆಗಳು ಇವೇ. ಮಂಗಳೂರಿನ ಬ್ಯಾಂಕಿನ ಆ್ಯಪ್ ಆಗಲಿ, ಕೈಯಲ್ಲಿರುವ ವಾಟ್ಸ್‌ಆ್ಯಪ್ ಆಗಲಿ, ತಳದಲ್ಲಿ ಮಾಡುವುದು ಇದನ್ನೇ.

ಸುಲಭವಾಗಿ ಕಾಣುವ ಈ ಹೆಜ್ಜೆಗಳಲ್ಲಿ ಮೊದಲ ಮೋಸ “ಪಡೆ” ಎಂಬಲ್ಲಿದೆ. ಟಿಸಿಪಿಗೆ ಸಂದೇಶ ಎಂದರೇನು ಎಂಬುದೇ ತಿಳಿಯದು. ಅದಕ್ಕೆ ಗೊತ್ತಿರುವುದು ಸಾಲಾಗಿ ಹರಿಯುವ ಬೈಟುಗಳು ಮಾತ್ರ. ಅಡಿಕೆ ತೋಟದ ಕಣಿಯ ಮೇಲ್ತುದಿಯಲ್ಲಿ ಮೂರು ಕೊಡ ನೀರು ಸುರಿದರೆ ಕೆಳಗಿನ ತುದಿಯಲ್ಲಿ ನಿಂತವನಿಗೆ ಮೂರು ಕೊಡ ಎಂದು ಕಾಣುವುದಿಲ್ಲ, ನೀರು ಬಂದದ್ದು ಕಾಣುತ್ತದೆ. ಸರ್ವರ್ ಮೂರು ಸಂದೇಶ ಕಳಿಸಿದರೆ ಕ್ಲೈಂಟಿಗೆ ಅದು ಒಂದೇ ಸಲಕ್ಕೆ ಬರಬಹುದು, ಐದು ತುಂಡಾಗಿ ಬರಬಹುದು, ಎರಡೂವರೆ ಸಂದೇಶ ಮೊದಲು ಬಂದು ಉಳಿದರ್ಧ ಆಮೇಲೆ ಬರಬಹುದು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂಬುದನ್ನು ಬರೆಯುವವರೇ ಮೊದಲೇ ಒಪ್ಪಿಕೊಂಡಿರಬೇಕು. ಪ್ರತಿ ಸಂದೇಶದ ಕೊನೆಗೆ ಹೊಸ ಸಾಲಿನ ಗುರುತು ಹಾಕುವುದು ಒಂದು ದಾರಿ. ಮೊದಲು ಉದ್ದ ಹೇಳಿ ನಂತರ ಸಂದೇಶ ಕಳಿಸುವುದು ಇನ್ನೊಂದು. ಒಂದೇ ಯಂತ್ರದೊಳಗೆ ಚಿಕ್ಕ ಸಂದೇಶ ಕಳಿಸುವಾಗ ಈ ಒಪ್ಪಂದವಿಲ್ಲದೆಯೂ ಪ್ರೋಗ್ರಾಮ್ ಓಡುತ್ತದೆ. ಹಾಗಾಗಿ ವಿದ್ಯಾರ್ಥಿಗೆ ಇಂಥದೊಂದು ಒಪ್ಪಂದ ಬೇಕೆಂಬುದೇ ಹೊಳೆಯುವುದಿಲ್ಲ.

ಇಲ್ಲಿ ಕನ್ನಡ ಬರುತ್ತದೆ. ಭಾಷಾಭಿಮಾನದ ಮಾತಾಗಿ ಇದನ್ನು ಹೇಳುತ್ತಿಲ್ಲ, ಪಾಠದ ಗುಣದ ದೃಷ್ಟಿಯಿಂದ ಹೇಳುತ್ತಿದ್ದೇನೆ. ಇಂದು ಬಹುತೇಕ ಪಠ್ಯ ನೆಟ್‌ವರ್ಕಿನಲ್ಲಿ ಸಾಗುವುದು ಯುಟಿಎಫ್-8 ಎಂಬ ರೂಪದಲ್ಲಿ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ಇದನ್ನು ರೂಪಿಸಿದರು. ಇದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಗೂ ಮೂರು ಬೈಟು, ಕಾಗುಣಿತದ ಗುರುತು, ಸೊನ್ನೆ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ ಎಲ್ಲಕ್ಕೂ. “ಬಂಟ್ವಾಳ” ಎಂದು ಬರೆದರೆ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಏಳು ಚಿಹ್ನೆ. ತಂತಿಯ ಮೇಲೆ 21 ಬೈಟು. “ಬೆಳ್ತಂಗಡಿ” ನಾಲ್ಕು ಅಕ್ಷರ, ಒಂಬತ್ತು ಚಿಹ್ನೆ, 27 ಬೈಟು. “ಮೂಡುಬಿದಿರೆ” ಐದು ಅಕ್ಷರ, ಹತ್ತು ಚಿಹ್ನೆ, 30 ಬೈಟು. ಒಂದೇ ಹೆಸರಿಗೆ ಮೂರು ಉದ್ದ.

ಇದರ ಪರಿಣಾಮ ನೋಡಿ. ಅಡಿಕೆ ಧಾರಣೆ ಕೇಳುವ ಒಂದು ಕ್ಲೈಂಟ್ ಬರೆಯಲು ಹೇಳಿದೆವು ಎನ್ನೋಣ. ಬಂಟ್ವಾಳ, ಬೆಳ್ತಂಗಡಿಯ ಕೃಷಿಕರಿಗೆ ಇದಕ್ಕಿಂತ ಪರಿಚಿತ ಪ್ರಶ್ನೆಯಿಲ್ಲ. ಕ್ಲೈಂಟ್ “ಪಟೋರ” ಎಂದು ಅಡಿಕೆಯ ಒಂದು ದರ್ಜೆಯ ಹೆಸರು ಹೇಳಿ ಕೇಳಬೇಕು, ಸರ್ವರ್ ಬೆಲೆ ಹೇಳಬೇಕು. ವಿದ್ಯಾರ್ಥಿ ಉದ್ದ ಮೊದಲು ಹೇಳುವ ಕ್ರಮ ಆರಿಸಿಕೊಂಡು ಪೈಥಾನಿನಲ್ಲಿ ಆ ಪದದ ಉದ್ದ ಕೇಳುತ್ತಾನೆ. ಬರುವ ಉತ್ತರ 4. ನಾಲ್ಕು ಎಂದು ಹೇಳಿ ಪದ ಕಳಿಸುತ್ತಾನೆ, ಹೊರಟದ್ದು 12 ಬೈಟು. ಸರ್ವರ್ ನಂಬಿಕೆಯಿಂದ ನಾಲ್ಕು ಬೈಟು ಓದಿಕೊಳ್ಳುತ್ತದೆ. ಅದಕ್ಕೆ ಸಿಕ್ಕಿದ್ದು ಒಂದು “ಪ”, ಜೊತೆಗೆ “ಟ”ದ ಮೂರನೇ ಒಂದು ಭಾಗ. ಉಳಿದ ಎಂಟು ಬೈಟುಗಳನ್ನು ಮುಂದಿನ ಸಂದೇಶದ ಉದ್ದವೆಂದು ಭಾವಿಸಿ ಓದಲು ಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಆ ಸಂಪರ್ಕದಲ್ಲಿ ಯಾವುದೂ ಸರಿಯಾಗುವುದಿಲ್ಲ. ಇದೇ ವಿದ್ಯಾರ್ಥಿ ಇಂಗ್ಲಿಷ್ ಪದದಿಂದ ಪರೀಕ್ಷಿಸಿದ್ದರೆ ಉದ್ದವೂ ಬೈಟೂ ಒಂದೇ ಆಗಿರುತ್ತಿತ್ತು, ತಪ್ಪು ಒಳಗೇ ಕುಳಿತಿರುತ್ತಿತ್ತು. ಲ್ಯಾಬಿನಲ್ಲಿ ಪೂರ್ಣಾಂಕ ಪಡೆದ ಪ್ರೋಗ್ರಾಮ್ ಮಂಡಿಯಲ್ಲಿ ಬೀಳುತ್ತಿತ್ತು.

ಇನ್ನೊಂದು ಲೆಕ್ಕ ಇದಕ್ಕಿಂತ ಸ್ವಾರಸ್ಯದ್ದು. ಪಾಠಗಳಲ್ಲಿ, ಮಾದರಿಗಳಲ್ಲಿ ಎಲ್ಲೆಲ್ಲೂ ಕಾಣುವ ಸಾಲು, ಒಂದು ಸಲಕ್ಕೆ 1024 ಬೈಟು ಪಡೆ ಎಂಬುದು. 1024ನ್ನು ಮೂರರಿಂದ ಭಾಗಿಸಿದರೆ 341, ಶೇಷ ಒಂದು. ಅಂದರೆ ಬರೀ ಕನ್ನಡ ಚಿಹ್ನೆಗಳೇ ತುಂಬಿದ ಪಠ್ಯ ಬಂದರೆ 342ನೇ ಚಿಹ್ನೆ ತುಂಡಾಗಲೇಬೇಕು. ನಡುವೆ ಖಾಲಿ ಜಾಗ, ಅಂಕಿ ಸೇರಿದಾಗ ಲೆಕ್ಕ ಹಿಂದೆ ಮುಂದೆ ಆಗುತ್ತದೆ, ಆದರೂ ತುಂಡಾಗುವ ಸಂಭವವೇ ಹೆಚ್ಚು. ಬಂದ ತುಂಡನ್ನು ಆಗಲೇ ಅಕ್ಷರಕ್ಕೆ ಪರಿವರ್ತಿಸಲು ಹೋದರೆ ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ. ಬೇರೆ ಕೆಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಆ ಜಾಗದಲ್ಲಿ ಪ್ರಶ್ನೆಗುರುತಿನ ಚೌಕ ಬೀಳುತ್ತದೆ. ಸರಿಯಾದ ಕ್ರಮವೆಂದರೆ ಬೈಟುಗಳನ್ನು ಕೂಡಿಸಿಟ್ಟು, ಸಂದೇಶ ಪೂರ್ಣವಾದ ಮೇಲೆ ಪರಿವರ್ತಿಸುವುದು. ಈ ಪಾಠವನ್ನು ಇಂಗ್ಲಿಷ್ ಎಂದಿಗೂ ಕಲಿಸುವುದಿಲ್ಲ, ಒಂದು ಬೈಟಿನ ಅಕ್ಷರ ತುಂಡಾಗುವುದಿಲ್ಲ. ಒಂದು ಪುಟ ಕನ್ನಡ ಕಳಿಸಿದರೆ ಹುಡುಗರು ಕೂತಲ್ಲೇ ಕಲಿಯುತ್ತಾರೆ. ಫೈಲ್ ಕಳಿಸುವ ವಿಟಿಯು ಪ್ರೋಗ್ರಾಮಿನಲ್ಲಿ ಆ ಫೈಲ್ ಒಂದು ಕನ್ನಡ ಬರಹವಾಗಿರಲಿ ಎಂದು ಕೇಳುವುದಕ್ಕೆ ಸಿಲಬಸ್ ತಿದ್ದಬೇಕಾಗಿಲ್ಲ.

ಜಾವಾದಲ್ಲಿ ಮಾಡುವವರಿಗೆ ಬೇರೊಂದು ಪಾಠ ಕಾದಿದೆ. 2022ರ ಮಾರ್ಚಿನಲ್ಲಿ ಬಂದ ಜಾವಾ 18ರಿಂದ ಯುಟಿಎಫ್-8 ಸಹಜ ಕ್ರಮವಾಯಿತು. ಅದಕ್ಕೆ ಹಿಂದಿನ ಆವೃತ್ತಿಗಳಲ್ಲಿ ಅಕ್ಷರವನ್ನು ಬೈಟಾಗಿಸಲು ಯಾವ ಎನ್‌ಕೋಡಿಂಗ್ ಎಂದು ನಾವು ಹೇಳದಿದ್ದರೆ ಅದು ಆಪರೇಟಿಂಗ್ ಸಿಸ್ಟಂ ಕೇಳಿ ನಿರ್ಧರಿಸುತ್ತಿತ್ತು. ಲಿನಕ್ಸಿನಲ್ಲಿ ಸರಿಯಾಗಿ ಬಂದ ಕನ್ನಡ ವಿಂಡೋಸಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತಿತ್ತು. ಎರಡು ಯಂತ್ರಗಳು ಮಾತಾಡುವಾಗ ಯಾವುದನ್ನೂ “ಹೇಗೂ ಗೊತ್ತಿರುತ್ತದೆ” ಎಂದು ಬಿಡಬಾರದು, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು ಎಂಬುದು ಇದರಿಂದ ಮನಸ್ಸಿಗೆ ಹತ್ತುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ಪೊಳಲಿ ಎಂಬ ಊರಿನ ಹೆಸರನ್ನು ತೆಗೆದುಕೊಳ್ಳಿ. ಅದರ ಮೊದಲ ಅಕ್ಷರದ “ಒ” ಕಾರವನ್ನು ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಒಂದು 15 ಬೈಟು, ಇನ್ನೊಂದು 18. ಸರ್ವರಿನಲ್ಲಿರುವುದು ಒಂದು ರೂಪ, ಕ್ಲೈಂಟ್ ಕಳಿಸಿದ್ದು ಇನ್ನೊಂದು ರೂಪವಾದರೆ “ಈ ಹೆಸರಿನ ಊರಿಲ್ಲ” ಎಂಬ ಉತ್ತರ ಬರುತ್ತದೆ. ಕಳಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ವಿಧಾನವನ್ನು ಯುನಿಕೋಡ್‌ ಗೊತ್ತುಮಾಡಿದೆ, ಒಂದು ಸಾಲಿನ ಕೆಲಸ. ಆ ಸಾಲು ಬೇಕು ಎಂದು ತಿಳಿದಿರಬೇಕಷ್ಟೆ. ರೇಷನ್ ಕಾರ್ಡಿನ ಹೆಸರು, ಪಹಣಿಯ ಹೆಸರು, ಶಾಲೆಯ ದಾಖಲೆಯ ಹೆಸರು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಓಡಾಡುವ ರಾಜ್ಯದಲ್ಲಿ ಇದು ಸಣ್ಣ ವಿಷಯವಲ್ಲ.

ತುಳುವಿನ ವಿಷಯ ಇನ್ನೂ ಹೊಸದು. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಅದರ ಒಂದೊಂದು ಚಿಹ್ನೆಗೂ ಯುಟಿಎಫ್-8ರಲ್ಲಿ ನಾಲ್ಕು ಬೈಟು. ಮೂರೇ ಬೈಟು ಎಂದು ಎಣಿಸಿ ಬರೆದ ಪ್ರೋಗ್ರಾಮ್ ಅಲ್ಲಿ ಮುಗ್ಗರಿಸುತ್ತದೆ. ಕನ್ನಡದ ಕೀಲಿಮಣೆಯ ವಿನ್ಯಾಸವನ್ನು ನಾಡಿಗೇ ಕೊಟ್ಟ ಕೆ.ಪಿ. ರಾವ್ ಅವರ ಊರಾದ ಕಿನ್ನಿಕಂಬಳ ಇಲ್ಲಿಗೆ ದೂರವಿಲ್ಲ. ಲಿಪಿ ಮತ್ತು ಯಂತ್ರದ ನಡುವಿನ ಕೆಲಸವನ್ನು ಈ ಸೀಮೆಯವರು ಮುಂದೆ ನಿಂತು ಮಾಡಿದ ಪರಂಪರೆ ಇದೆ. ತುಳು ಸಂದೇಶವನ್ನು ಹೊರುವ ಕ್ಲೈಂಟನ್ನು ಮೊದಲು ಎಲ್ಲಿಯಾದರೂ ಬರೆಯಬೇಕಾದರೆ ಅದನ್ನು ಇಲ್ಲೇ ಬರೆಯಬೇಕು.

ಅಕ್ಷರದ ನಂತರ ಕಾಲ. ಕ್ಲೈಂಟ್ ಕನೆಕ್ಟ್ ಮಾಡಲು ಹೊರಟು ಆಚೆಯಿಂದ ಏನೂ ಬಾರದಿದ್ದರೆ ಎಷ್ಟು ಹೊತ್ತು ಕಾಯುತ್ತದೆ? ನಾವು ಹೇಳದಿದ್ದರೆ ಲಿನಕ್ಸ್ ತನ್ನದೇ ಕ್ರಮದಲ್ಲಿ ಮತ್ತೆ ಮತ್ತೆ ಪ್ರಯತ್ನಿಸುತ್ತ ಎರಡು ನಿಮಿಷಕ್ಕೂ ಮೀರಿ ಕೂರುತ್ತದೆ. ಸಂಪರ್ಕವಾದ ಮೇಲೆ ಪ್ರಶ್ನೆ ಮುಟ್ಟಿ, ಉತ್ತರಕ್ಕಾಗಿ ಕಾಯುತ್ತಿರುವಾಗ ನಡುವಿನ ಲೈನ್ ಸತ್ತರೆ ಇನ್ನೂ ಕಷ್ಟ. ಆಚೆ ಕಡೆಯವರು ಇದ್ದಾರೋ ಇಲ್ಲವೋ ಎಂದು ತಿಳಿಸುವ ಸುದ್ದಿಯೇ ಬಾರದ ಕಾರಣ ಸಾಧಾರಣ ಸಾಕೆಟ್ ಕಾಯುತ್ತಲೇ ಇರುತ್ತದೆ. ಅದಕ್ಕೆ ಅವಧಿಯೇ ಇಲ್ಲ. ಕೌಂಟರಿನ ಮೇಲೆ ತಿರುಗುವ ಚಕ್ರದ ಹಿಂದೆ ಎಷ್ಟೋ ಸಲ ಇರುವುದು ಇದೇ, ಬರೆದವರು ಹಾಕದೆ ಬಿಟ್ಟ ಒಂದು ಟೈಮ್‌ಔಟ್.

ಲೈಬ್ರರಿ ಬಳಸಿದರೆ ಇದೆಲ್ಲ ತಾನಾಗಿ ಆಗುತ್ತದೆ ಎಂದು ಹೇಳುವವರಿದ್ದಾರೆ. ಪೈಥಾನಿನಲ್ಲಿ ವೆಬ್ ವಿನಂತಿಗೆ ಎಲ್ಲರೂ ಬಳಸುವ ರಿಕ್ವೆಸ್ಟ್ಸ್ ಎಂಬ ಲೈಬ್ರರಿಯೂ ನಾವಾಗಿ ಹೇಳದಿದ್ದರೆ ಟೈಮ್‌ಔಟ್ ಹಾಕುವುದಿಲ್ಲ. ಲೈಬ್ರರಿ ಕೈಕಾಲು ಕೊಡುತ್ತದೆ. ಯಾವಾಗ ಕಾಯುವುದು ಬಿಡಬೇಕು, ಬಿಟ್ಟಾಗ ಎದುರಿನವರಿಗೆ ಏನು ಹೇಳಬೇಕು ಎಂಬ ವಿವೇಕ ಬರೆಯುವವನದು.

ಏನು ಹೇಳಬೇಕು ಎಂಬುದಕ್ಕೆ ಬೇಕಾದ ಮಾಹಿತಿಯೆಲ್ಲ ಕ್ಲೈಂಟಿನ ಕೈಯಲ್ಲೇ ಇರುತ್ತದೆ. ಹೆಸರಿನಿಂದ ವಿಳಾಸ ಸಿಗದಿದ್ದರೆ ಅದಕ್ಕೊಂದು ದೋಷ. ಯಂತ್ರ ಇದ್ದು ಆ ಪೋರ್ಟಿನಲ್ಲಿ ಯಾರೂ ಇಲ್ಲದಿದ್ದರೆ ಕೂಡಲೇ ನಿರಾಕರಣೆ ಬರುತ್ತದೆ, ಅದು ಬೇರೆ ದೋಷ. ಯಾವ ಸದ್ದೂ ಇಲ್ಲದಿದ್ದರೆ ಅವಧಿ ಮುಗಿದ ದೋಷ. ಆಚೆಯವರು ನಡುವೆ ಮುಚ್ಚಿಕೊಂಡರೆ ಸೊನ್ನೆ ಬೈಟು ಬಂತೆಂದು ತಿಳಿಯುತ್ತದೆ. ಇವೆಲ್ಲವನ್ನೂ ಒಂದೇ ಬಲೆಯಲ್ಲಿ ಹಿಡಿದು “ದೋಷ” ಎಂದು ಮುದ್ರಿಸುವುದು ಲ್ಯಾಬ್ ರೆಕಾರ್ಡಿನಲ್ಲಿ ಕಲಿತ ಅಭ್ಯಾಸ. “ನಿಮ್ಮ ಇಂಟರ್ನೆಟ್ ಇಲ್ಲ”, “ಸರ್ವರ್ ಇದೆ, ಅದರ ಪ್ರೋಗ್ರಾಮ್ ನಿಂತಿದೆ”, “ಉತ್ತರ ತಡವಾಗುತ್ತಿದೆ, ಐದು ನಿಮಿಷ ಬಿಟ್ಟು ನೋಡಿ” ಎಂದು ಮೂರು ಕನ್ನಡ ವಾಕ್ಯ ಬರೆಯಲು ಎಷ್ಟು ಹೊತ್ತು ಬೇಕು? ಅಂಗಡಿಯವನು ಅವನ್ನು ಓದಿ ಹೇಳಿದರೆ ಸಾಲಿನಲ್ಲಿ ನಿಂತವರಿಗೆ ಗೌರವ ಸಿಕ್ಕಂತಾಗುತ್ತದೆ. ಇದನ್ನು ನಾನು ಸೌಜನ್ಯದ ವಿಷಯ ಎಂದು ಬಿಡಲಾರೆ. ಇದು ಇಂಜಿನಿಯರಿಂಗಿನ ಭಾಗ.

ಅತ್ಯಂತ ಗಂಭೀರವಾದದ್ದು ಕಳೆದುಹೋದ ಉತ್ತರ. ಕ್ಲೈಂಟ್ “ಈ ಕಾರ್ಡಿಗೆ ಈ ತಿಂಗಳ ಅಕ್ಕಿ ಕೊಟ್ಟಾಯಿತು, ಬರೆದುಕೋ” ಎಂದು ಕಳಿಸಿತು. ಸರ್ವರ್ ಬರೆದುಕೊಂಡು “ಸರಿ” ಎಂದಿತು. ಆ “ಸರಿ” ದಾರಿಯಲ್ಲಿ ಉಳಿಯಿತು. ಕ್ಲೈಂಟಿಗೆ ಕಾಣುವುದು ಮೌನ ಮಾತ್ರ. ಪ್ರಶ್ನೆಯೇ ಮುಟ್ಟಲಿಲ್ಲವೋ, ಉತ್ತರ ಮುಟ್ಟಲಿಲ್ಲವೋ ಎಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಮತ್ತೆ ಕಳಿಸಿದರೆ ಎರಡು ಸಲ ದಾಖಲಾಗಬಹುದು. ಕಳಿಸದಿದ್ದರೆ ಒಂದೂ ದಾಖಲಾಗದೆ ಇರಬಹುದು. ಮೊಬೈಲಿನಿಂದ ಹಣ ಕಳಿಸಿ “ಖಾತೆಯಿಂದ ಹೋಯಿತು, ಅಲ್ಲಿ ಬಂದಿಲ್ಲ” ಎಂದು ಆತಂಕ ಪಟ್ಟವರೆಲ್ಲ ಈ ಸಂದಿಯಲ್ಲಿ ನಿಂತವರೇ. ಪರಿಹಾರ ಹಳೆಯದು, ಸರಳವಾದದ್ದು. ಪ್ರತಿ ವಿನಂತಿಗೂ ಕ್ಲೈಂಟ್ ತನ್ನದೇ ಒಂದು ಸಂಖ್ಯೆ ಕೊಡಬೇಕು. ಮತ್ತೆ ಕಳಿಸುವಾಗ ಅದೇ ಸಂಖ್ಯೆಯನ್ನೇ ಕೊಡಬೇಕು. ಸರ್ವರ್ ಆ ಸಂಖ್ಯೆಯನ್ನು ಮೊದಲೇ ಕಂಡಿದ್ದರೆ ಕೆಲಸ ಮತ್ತೊಮ್ಮೆ ಮಾಡದೆ ಹಳೆಯ ಉತ್ತರವನ್ನೇ ಮತ್ತೆ ಕಳಿಸಬೇಕು. ಇದನ್ನು ಸರ್ವರ್ ಬರೆಯುವವರು ಒಬ್ಬರೇ ಮಾಡಲಾಗದು. ಸಂಖ್ಯೆ ಹುಟ್ಟುವುದು ಕ್ಲೈಂಟಿನಲ್ಲಿ.

ಮತ್ತೆ ಕಳಿಸುವುದಕ್ಕೂ ಒಂದು ಶಿಸ್ತು ಬೇಕು. ಗಾಳಿಮಳೆಗೆ ಹೋದ ಕರೆಂಟು ಒಂದು ತಾಲೂಕಿಗೆ ಒಮ್ಮೆಲೇ ಬಂದಾಗ ಎಲ್ಲ ಯಂತ್ರಗಳೂ ಅದೇ ಕ್ಷಣ ಸರ್ವರಿನ ಮೇಲೆ ಮುಗಿಬೀಳುತ್ತವೆ. ಪ್ರತಿ ಸೋಲಿಗೂ ಕಾಯುವ ಸಮಯವನ್ನು ದ್ವಿಗುಣ ಮಾಡಿ, ಜೊತೆಗೆ ಒಂದಿಷ್ಟು ಅನಿಯತ ಅಂತರ ಸೇರಿಸಿದರೆ ಆ ನೂಕುನುಗ್ಗಲು ತಪ್ಪುತ್ತದೆ.

ಈ ಮೂರು ಊರು ಒಳ್ಳೆಯ ಜಾಗ ಎಂದೆನಲ್ಲ, ಅದಕ್ಕೆ ಕಾರಣ ಇಲ್ಲಿದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸುತ್ತ ಗುಡ್ಡ ಕುಸಿದು, ಹೊಳೆ ಉಕ್ಕಿ, ಘಾಟಿ ರಸ್ತೆ ಮುಚ್ಚಿದ್ದನ್ನು ಬೆಳ್ತಂಗಡಿಯವರು ಮರೆತಿಲ್ಲ. ಅಂಥ ವರ್ಷವಲ್ಲದಿದ್ದರೂ ಆಷಾಢದಲ್ಲಿ ಮರ ಬಿದ್ದು ತಂತಿ ಹರಿಯುತ್ತದೆ, ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿ ಮುಗಿಯುತ್ತದೆ, ಫೋನಿನಲ್ಲಿ ಗೆರೆಗಳು ಒಂದೊಂದಾಗಿ ಇಳಿಯುತ್ತವೆ. ನೆರಿಯದಿಂದಲೋ ಮಲವಂತಿಗೆಯಿಂದಲೋ ಉಜಿರೆಗೆ ಬರುವ ವಿದ್ಯಾರ್ಥಿಗೆ ಸಂಪರ್ಕ ಸಾಯುವ ಬಗೆಗಳೆಲ್ಲ ಮನೆಯಲ್ಲೇ ಗೊತ್ತು. ಗೆರೆ ಪೂರ್ತಿ ಇದ್ದೂ ಒಂದು ಸಂದೇಶವೂ ಹೋಗದ ಸ್ಥಿತಿ ಅವಳಿಗೆ ಗೊತ್ತು, ತಡರಾತ್ರಿ ಎಲ್ಲ ಸಂದೇಶ ಒಟ್ಟಿಗೆ ಬರುವುದು ಗೊತ್ತು. ಮಹಾನಗರದ ಕಚೇರಿಯಲ್ಲಿ ಕುಳಿತವರಿಗೆ ಸುಲಭವಾಗಿ ಸಿಗದ ಅನುಭವ ಇದು. ಇದು ಇಂಜಿನಿಯರಿಂಗ್ ಜ್ಞಾನ. ಲ್ಯಾಬು ಮಾತ್ರ ಅದನ್ನು ಬಾಗಿಲ ಹೊರಗೆ ಬಿಟ್ಟು ಬಾ ಎನ್ನುತ್ತದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಕೆಲಸದ್ದು. ಕಂಪನಿಗೆ ಸೇರಿದ ಮೇಲೆ ಸಾಕೆಟ್ ಬರೆಯುವವರು ಯಾರು, ಸಿದ್ಧ ಲೈಬ್ರರಿಗಳಿವೆ, ಈಗಂತೂ ಎಐಗೆ ಹೇಳಿದರೆ ಬರೆದೇ ಕೊಡುತ್ತದೆ ಎಂಬುದು. ನಿಜ, ದಿನನಿತ್ಯದ ಕೆಲಸದಲ್ಲಿ ಹೆಚ್ಚಿನವರು ಸಾಕೆಟ್ಟಿನ ಮಟ್ಟಕ್ಕೆ ಇಳಿಯುವುದಿಲ್ಲ. ಆದರೆ ಮೇಲೆ ಹೇಳಿದ ಯಾವ ತೊಡಕೂ ಸಾಕೆಟ್ಟಿನದ್ದಷ್ಟೇ ಆಗಿರಲಿಲ್ಲ. ತುಂಡಾದ ಅಕ್ಷರ, ಹಾಕದ ಟೈಮ್‌ಔಟ್, ಎರಡು ಸಲ ದಾಖಲಾದ ವಿನಂತಿ ಇವು ಎಷ್ಟು ಮೇಲಿನ ಲೈಬ್ರರಿಗೂ ಏರಿ ಬರುತ್ತವೆ. ಎಐಯನ್ನು ಒಂದು ಸರಳ ಕ್ಲೈಂಟ್ ಕೇಳಿದರೆ ಸರಳ ಕ್ಲೈಂಟನ್ನೇ ಕೊಡುತ್ತದೆ. ಪಟೋರದ ಹನ್ನೆರಡು ಬೈಟಿನ ಬಗ್ಗೆ, ಕಳೆದುಹೋದ “ಸರಿ”ಯ ಬಗ್ಗೆ ಕೇಳಬೇಕೆಂದು ತಿಳಿದಿರುವವರಿಗೆ ಮಾತ್ರ ಅದರ ಉತ್ತರ ಉಪಯೋಗಕ್ಕೆ ಬರುತ್ತದೆ, ಕೊಟ್ಟದ್ದು ಸರಿಯೋ ತಪ್ಪೋ ಎಂದು ನೋಡಲು ಬರುತ್ತದೆ. ಬರೆಯುವ ಶ್ರಮ ಕಡಿಮೆಯಾದಷ್ಟೂ ತೂಗಿ ನೋಡುವ ಹೊಣೆ ಹೆಚ್ಚುತ್ತದೆ. ತಾನೊಮ್ಮೆ ಬರೆದು ಒದ್ದಾಡದವರಿಗೆ ತೂಗುವ ಕಣ್ಣು ಬರುವುದು ಕಷ್ಟ.

ಸಮಯ ಎಲ್ಲಿದೆ ಎಂಬ ಲೆಕ್ಚರರ ಪ್ರಶ್ನೆಯೂ ನ್ಯಾಯವಾದದ್ದೇ. ಸೆಮಿಸ್ಟರ್ ಚಿಕ್ಕದು, ಬ್ಯಾಚು ದೊಡ್ಡದು. ನಾನು ಹೊಸ ಪ್ರೋಗ್ರಾಮ್ ಸೇರಿಸಿ ಎನ್ನುತ್ತಿಲ್ಲ. ಇರುವ ಎರಡನ್ನೇ ಬೇರೆ ರೀತಿ ಕೇಳಿ ಎನ್ನುತ್ತಿದ್ದೇನೆ. ಲಿನಕ್ಸಿನಲ್ಲಿ ನೆಟ್‌ಎಮ್ ಎಂಬ ಸೌಲಭ್ಯವಿದೆ. ಒಂದು ಆಜ್ಞೆ ಕೊಟ್ಟರೆ ಅದೇ 127.0.0.1ರ ದಾರಿಯಲ್ಲೂ ಸಂದೇಶಗಳನ್ನು ತಡಮಾಡುತ್ತದೆ, ಹತ್ತರಲ್ಲಿ ಒಂದನ್ನು ಬೀಳಿಸುತ್ತದೆ. ಘಟ್ಟದ ಬುಡದ ಮಳೆಗಾಲವನ್ನು ಲ್ಯಾಬಿನೊಳಗೆ ತರಲು ಖರ್ಚಿಲ್ಲ.

ಇನ್ನೊಂದು ಬದಲಾವಣೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಈಗ ಒಬ್ಬನೇ ವಿದ್ಯಾರ್ಥಿ ಸರ್ವರನ್ನೂ ಕ್ಲೈಂಟನ್ನೂ ಬರೆಯುತ್ತಾನೆ. ಹಾಗೆ ಬರೆದಾಗ ಎರಡರ ನಡುವಿನ ಒಪ್ಪಂದ ಅವನ ತಲೆಯೊಳಗೇ ಇರುತ್ತದೆ, ಕಾಗದಕ್ಕೆ ಇಳಿಯುವುದಿಲ್ಲ. ಇಂಟರ್ನೆಟ್ ಕಟ್ಟಿದವರು ಹೀಗೆ ಮಾಡಲಿಲ್ಲ. ಟಿಸಿಪಿಯ 1981ರ ವಿವರಣೆಯ ಸಂಪಾದಕ ಜಾನ್ ಪೋಸ್ಟೆಲ್, ಬೇರೆ ಬೇರೆಯವರು ಬರೆದ ಟಿಸಿಪಿಗಳನ್ನು ಒಂದಕ್ಕೊಂದು ಮಾತಾಡಿಸಿ ನೋಡುವ ಪಂದ್ಯಗಳನ್ನು ನಡೆಸುತ್ತಿದ್ದರು. ಅವುಗಳ ಅಂಕಪಟ್ಟಿಯನ್ನು 1987ರಲ್ಲಿ ಆರ್‌ಎಫ್‌ಸಿ 1025 ಎಂಬ ದಾಖಲೆಯಾಗಿ ಪ್ರಕಟಿಸಿದರು. ಅದರಲ್ಲಿ ತನ್ನೊಂದಿಗೆ ತಾನೇ ಸಂಪರ್ಕ ಮಾಡಿದರೆ ಸಿಗುವುದು 1 ಅಂಕ. ಬೇರೊಬ್ಬರೊಂದಿಗೆ ಮಾಡಿದರೆ 2. ನಮ್ಮ ಲ್ಯಾಬು ಆ ಒಂದು ಅಂಕದ ಮಟ್ಟದಲ್ಲೇ ನಿಂತಿದೆ.

ಮಿಜಾರಿನ ಒಂದು ತಂಡ ಅಡಿಕೆ ಧಾರಣೆಯ ಸರ್ವರ್ ಬರೆಯಲಿ, ಜೊತೆಗೆ ಒಂದೇ ಒಂದು ಪುಟದ ಒಪ್ಪಂದ ಬರೆಯಲಿ: ಪ್ರಶ್ನೆ ಹೇಗಿರಬೇಕು, ಸಂದೇಶ ಎಲ್ಲಿ ಮುಗಿಯುತ್ತದೆ, ಎನ್‌ಕೋಡಿಂಗ್ ಯಾವುದು, ವಿನಂತಿಯ ಸಂಖ್ಯೆ ಎಲ್ಲಿ, ತಪ್ಪಾದರೆ ಏನು ಉತ್ತರ. ಆ ಪುಟವನ್ನು ಮಾತ್ರ ನೋಡಿ ಉಜಿರೆಯ ತಂಡ ಕ್ಲೈಂಟ್ ಬರೆಯಲಿ, ಬೆಂಜನಪದವಿನ ತಂಡ ಇನ್ನೊಂದು ಬರೆಯಲಿ. ಫೋನ್ ಮಾಡಿ ಕೇಳುವಂತಿಲ್ಲ, ಪುಟ ಹೇಳಿದ್ದಷ್ಟೇ ಆಧಾರ. ಮೊದಲ ದಿನ ಯಾವುದೂ ಕೂಡುವುದಿಲ್ಲ. ಕೂಡದಿರುವುದಕ್ಕೆ ಕಾರಣ ಹುಡುಕುವುದರಲ್ಲೇ ಪ್ರೋಟೋಕಾಲ್ ಎಂದರೇನು ಎಂಬುದು ಅವರಿಗೆ ತಿಳಿಯುತ್ತದೆ. ಬರವಣಿಗೆ ಸ್ಪಷ್ಟವಾಗಿರಬೇಕು ಎಂಬುದನ್ನು ಭಾಷಾ ತರಗತಿಗಿಂತ ಖಚಿತವಾಗಿ ಕಲಿಯುತ್ತಾರೆ.

ಈ ಕಾಲೇಜುಗಳಲ್ಲಿ ನೆಟ್‌ವರ್ಕ್ ಕಲಿಸುವವರಲ್ಲಿ ನನ್ನದೊಂದು ವಿನಂತಿ ಇದೆ. ಇಷ್ಟೆಲ್ಲ ಒಮ್ಮೆಗೇ ಆಗದಿದ್ದರೂ ಮುಂದಿನ ಸೆಮಿಸ್ಟರಿನ ರೆಕಾರ್ಡಿನಲ್ಲಿ ಎರಡು ಔಟ್‌ಪುಟ್ ಹೆಚ್ಚಾಗಿ ಕೇಳಿ: ಒಂದು ಪುಟ ಕನ್ನಡ ಸರ್ವರಿನಿಂದ ಬಂದು ಒಂದಕ್ಷರವೂ ಕೆಡದೆ ಮೂಡಿದ್ದು, ಸರ್ವರನ್ನು ನಿಲ್ಲಿಸಿದಾಗ ಕ್ಲೈಂಟ್ ಹತ್ತು ಸೆಕೆಂಡಿನೊಳಗೆ, ಏನಾಯಿತು ಮತ್ತು ಏನು ಮಾಡಬೇಕು ಎಂದು ಕನ್ನಡದಲ್ಲಿ ಹೇಳಿದ್ದು. ಇವೆರಡಿಲ್ಲದ ರೆಕಾರ್ಡಿಗೆ ಸಹಿ ಹಾಕಬೇಡಿ.